ಸಹಿಯಿಲ್ಲದ ಒಂದು ಸಾಲು

ಬೀಗದ ಅಂಗಡಿಯ ಹಿಂದಿನ ಕೋಣೆ,
ಗುರುವಾರ, ಹನ್ನೆರಡನೇ ತಾರೀಕು, ಮಧ್ಯಾಹ್ನ.

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೊದಲು ನಿನ್ನ ಕೈ ಹೇಗಿದೆ ಹೇಳು. ಹಬೆ ತಾಗಿ ಮೊಣಕೈವರೆಗೆ ಬೊಬ್ಬೆ ಎದ್ದಿದೆ ಎಂದು ಹೋದ ಪತ್ರದ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದ್ದೆ. ಅಪ್ಪನಿಗೆ ಕಾಣದಿರಲಿ ಎಂದು ತಾನೇ? ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ತಿಂಗಳಾಯಿತು, ಈಗ ಎಲ್ಲವೂ ಕಾಣುತ್ತದೆ. ಅಷ್ಟು ದೊಡ್ಡ ಆಸ್ಪತ್ರೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆಸುವ ಮೇಲ್ವಿಚಾರಕಿಗೆ ಮಹಡಿ ಹತ್ತಿ ವೈದ್ಯರಿಗೆ ಕೈ ತೋರಿಸಲು ಪುರುಸೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ? ಮುಲಾಮು ಹಚ್ಚಿಕೋ. ನಾನಾಗಿದ್ದರೆ ಮೆಷಿನ್ ಎಣ್ಣೆ ಹಚ್ಚುತ್ತಿದ್ದೆ, ನೀನು ಹಾಗೆ ಮಾಡಬೇಡ. ನನ್ನ ಸೊಂಟ ಎಂದಿನಂತೆ ಇದೆ, ಅಂದರೆ ಬೆಳಿಗ್ಗೆ ಬೈಯುತ್ತದೆ, ಸಂಜೆ ಸುಮ್ಮನಾಗುತ್ತದೆ. ಕೀಲಿಯ ಹಲ್ಲುಗಳು ಕನ್ನಡಕವಿಲ್ಲದೆ ಕಾಣುತ್ತವೆ. ಕನ್ನಡಿಯಲ್ಲಿ ನನ್ನ ಮುಖವೂ ಸ್ಪಷ್ಟವಾಗಿ ಕಾಣುತ್ತದೆ, ಆಪರೇಷನ್‌ನಿಂದ ಆದ ನಷ್ಟ ಅದೊಂದೇ.

ಈಗ ಸುದ್ದಿಗೆ ಬರುತ್ತೇನೆ. ಸುದ್ದಿ ನಿನ್ನ ಮಗಳದು, ಆದ್ದರಿಂದ ಪತ್ರವನ್ನು ಇಲ್ಲಿಗೇ ಮಡಚಿ ದಿಂಬಿನ ಕೆಳಗೆ ಇಡಬೇಡ, ಓದು. ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ನಿನ್ನ ಪತ್ರ ಬರುವುದು ನನ್ನ ಹೆಸರಿಗೆ. ನನ್ನ ಸೊಂಟ, ನನ್ನ ಕಣ್ಣು, ಅಂಗಡಿಯ ಸೋರುವ ಮಾಡು, ಎಲ್ಲವನ್ನೂ ವಿಚಾರಿಸಿ, ಕಟ್ಟಕಡೆಗೆ ಒಂದೇ ಸಾಲು: 'ಅವಳು ಹೇಗಿದ್ದಾಳೆ?' ಅಷ್ಟೇ. ಹೆಸರಿಲ್ಲ, ಮನೆಯಲ್ಲಿ ನಾವೆಲ್ಲ ಕರೆಯುವ ಚಿಲಕ ಎನ್ನುವ ಅಡ್ಡಹೆಸರೂ ಇಲ್ಲ. ನಾನು ಆ ಸಾಲನ್ನು ಗಟ್ಟಿಯಾಗಿ ಓದುತ್ತೇನೆ, ಅವಳು 'ಚೆನ್ನಾಗಿದೀನಿ ಅಂತ ಬರಿ' ಎಂದು ಹೇಳಿ ಅರದ ಕೆಲಸಕ್ಕೆ ತಿರುಗುತ್ತಾಳೆ. ಆ ಹೆಸರು ಹೇಗೆ ಬಂತು ನೆನಪಿದೆಯೇ? ಮೂರು ವರ್ಷದವಳಿದ್ದಾಗ ಬಾಗಿಲ ಚಿಲಕಕ್ಕೆ ಜೋತುಬಿದ್ದು ಅದನ್ನು ಕಿತ್ತುಕೊಂಡೇ ಕೆಳಗೆ ಬಿದ್ದಳು. ನೀನು ಓಡಿ ಬಂದರೆ ಅವಳು ಅಳುತ್ತಿರಲಿಲ್ಲ, ಇದರೊಳಗಿನ ಸ್ಪ್ರಿಂಗು ಎಲ್ಲಿಗೆ ಹೋಯಿತೆಂದು ನೆಲ ತಡಕುತ್ತಿದ್ದಳು. ಅವತ್ತು ಮನೆಮಂದಿಗೆಲ್ಲ ಹೇಳಿಕೊಂಡು ನಕ್ಕವಳು ನೀನೇ.

ಅವಳು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಲು ಅರ್ಜಿ ಹಾಕಿದ್ದಾಳೆ. ಪ್ರವೇಶ ಪರೀಕ್ಷೆಯಲ್ಲಿ ಅವಳ ಹಿಂದೆ ಎಷ್ಟು ಸಾವಿರ ಜನ ಇದ್ದಾರೆಂದು ಕೇಳಿದರೆ ನಿನ್ನ ಬೊಬ್ಬೆ ತಾನಾಗಿ ಇಳಿದೀತು. ಹಗಲು ಅಂಗಡಿಯಲ್ಲಿ ನನ್ನ ಜೊತೆ ಕೆಲಸ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೌಂಟರಿನ ಮೇಲೆ ಪುಸ್ತಕ. ಒಮ್ಮೆ ಒಬ್ಬರ ಸೂಟ್‌ಕೇಸಿನ ನಂಬರನ್ನು ಹುಡುಕಿಕೊಡುತ್ತಲೇ ಇನ್ನೊಂದು ಕೈಯಲ್ಲಿ ಲೆಕ್ಕ ಬಿಡಿಸುತ್ತಿದ್ದಳು. ಇಪ್ಪತ್ಮೂರು ವರ್ಷದ ಹುಡುಗಿಗೆ ಇಷ್ಟು ಏಕಾಗ್ರತೆ ಎಲ್ಲಿಂದ ಬಂತೋ, ನನ್ನಿಂದಂತೂ ಅಲ್ಲ, ನಿನ್ನಿಂದಲೂ ಅಲ್ಲ, ಕೋಪಿಸಿಕೊಳ್ಳಬೇಡ.

ಅಂಕಗಳು ಬಂದವು, ಫಾರಂ ಬಂತು. ಎಂಟು ಪುಟ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ತುಂಬಿದಳು, ಹದಿನೇಳನೆಯ ಪ್ರಶ್ನೆಗೆ ಬಂದು ನಿಂತಳು. ಹದಿನಾರನೆಯದು ರಕ್ತದ ಗುಂಪು. ಹದಿನೆಂಟನೆಯದು ಹವ್ಯಾಸಗಳು. ಎರಡರ ನಡುವೆ, ಏನೂ ಅಲ್ಲವೆಂಬಂತೆ, 'ನಿಮ್ಮ ಮೇಲೆ ಎಂದಾದರೂ ಅಪರಾಧ ಸಾಬೀತಾಗಿ ಶಿಕ್ಷೆಯಾಗಿದೆಯೇ? ಹೌದು, ಇಲ್ಲ. ಹೌದಾದರೆ ವಿವರಿಸಿ.' ವಿವರಿಸಲು ಮೂರು ಗೆರೆ. ಮೂರು ಗೆರೆಯಲ್ಲಿ ಒಬ್ಬರ ವಿಳಾಸವೂ ಹಿಡಿಯುವುದಿಲ್ಲ. ಆ ಪ್ರಶ್ನೆ ಬರೆದವರಿಗೆ ಬಹುಶಃ 'ಹೌದು' ಎನ್ನುವವರು ಅಲ್ಲಿಯತನಕ ಬರುವುದೇ ಇಲ್ಲ ಎನ್ನುವ ಧೈರ್ಯ ಇದ್ದಿರಬೇಕು. ಅದು ಸುಳ್ಳೂ ಅಲ್ಲ. ಫಾರಂ ಮಾರುವ ಝೆರಾಕ್ಸ್ ಅಂಗಡಿಯವನು ಹೇಳಿದ: 'ಹೋದ್ ವರ್ಷ ಇಬ್ಬರು ಇಲ್ಲೇ ನಿಂತು ತುಂಬ್ತಾ ಇದ್ರು ಅಜ್ಜಾರೆ. ಆ ಪುಟಕ್ಕೆ ಬರ್ತಿದ್ದ ಹಾಗೆ ಪೆನ್ನು ವಾಪಸ್ ಕೊಟ್ಟು, ಫಾರಂ ಮಡಚಿ ಜೇಬಿಗೆ ಇಟ್ಕೊಂಡು ಹೋದ್ರು. ಯಾರೂ ಅವರನ್ನ ಬೇಡ ಅಂದಿರ್ಲಿಲ್ಲ.' ನನಗೆ ಆ ಮಾತು ಇನ್ನೂ ಕಿವಿಯಲ್ಲಿದೆ.

ಚಿಲಕಳೂ ಒಂಬತ್ತು ದಿನ ಆ ಪುಟದ ಮುಂದೆ ಕೂತಳು. ಊಟ ಮಾಡುವಾಗ ಮಡಚುವುದು, ಊಟ ಮುಗಿದ ಮೇಲೆ ಬಿಚ್ಚುವುದು. ನಾನೇ ಹೇಳಿದೆ, 'ಇಲ್ಲ ಅಂತ ಗೀಚಿ ಬಿಸಾಕು, ಯಾರು ಹುಡುಕ್ಕೊಂಡು ಬರ್ತಾರೆ?' ಎಂದು. ಅವಳು ನನ್ನನ್ನು ಒಂದು ಸಲ ನೋಡಿದಳು. ಒಂಬತ್ತನೆಯ ದಿನ 'ಹೌದು' ಎಂಬಲ್ಲಿ ಗುರುತು ಹಾಕಿ, ಮೂರು ಗೆರೆ ಸಾಲದೆಂದು ಬೇರೆ ಹಾಳೆ ಲಗತ್ತಿಸಿ, ಲಕೋಟೆಗೆ ಅಂಟು ಹಚ್ಚಿ, ಅಂಚೆಗೆ ಹಾಕಿ ಬಾ ಎಂದು ನನ್ನ ಕೈಗೆ ಕೊಟ್ಟಳು.

ಇಲ್ಲಿ ನಾನು ಒಂದು ಕೆಲಸ ಮಾಡಿದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಐವತ್ತು ವರ್ಷ ಮುಚ್ಚಿದ್ದನ್ನು ತೆಗೆದು ಬದುಕಿದವನ ಕೈಗೆ ಮುಚ್ಚಿದ ಲಕೋಟೆ ಕೊಟ್ಟರೆ ಏನಾಗುತ್ತದೆ? ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು, ಸೂಟ್‌ಕೇಸಿನ ಬೀಗಕ್ಕೆ ಬಳಸುವ ತೆಳು ಅಲಗಿನಿಂದ ಅಂಟನ್ನು ಎಬ್ಬಿಸಿದೆ. ಆ 'ಹೌದು' ಅಳಿಸಿ 'ಇಲ್ಲ' ಮಾಡಬೇಕೆಂದೇ ಎಬ್ಬಿಸಿದ್ದು, ನಿನ್ನ ಮುಂದೆ ಮುಚ್ಚಿಡುವುದೇನು. ಆದರೆ ಬೇರೆ ಹಾಳೆಯಲ್ಲಿ ಅವಳು ಬರೆದದ್ದನ್ನು ಓದಿದೆ, ತಪ್ಪೆಲ್ಲ ತನ್ನೊಬ್ಬಳದೇ ಎಂದಿತ್ತು. ಓದಿದ ಮೇಲೆ ಕೈ ಬರಲಿಲ್ಲ. ಹಾಗೆಯೇ ಅಂಟಿಸಿ, ಕೌಂಟರಿನಲ್ಲಿ ಸಾಲು ದೊಡ್ಡದಿದ್ದ ಕಾರಣ ನಾಳೆ ಹಾಕೋಣವೆಂದು ಮನೆಗೆ ತಂದೆ. ಅವಳು ಲಕೋಟೆಯನ್ನು ಬೆಳಕಿಗೆ ಹಿಡಿದಳು. ಮುಚ್ಚಳ ಕೂದಲೆಳೆಯಷ್ಟು ಓರೆಯಾಗಿತ್ತಂತೆ. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಅವಳು ಅಂಗಡಿಯ ಪುಸ್ತಕ ತಂದು ಮುಂದಿಟ್ಟು, ಪೆನ್ನು ಕೊಟ್ಟು, 'ಅಜ್ಜಾ, ತೆಗೆದೋರು ಸಹಿ ಮಾಡ್ಬೇಕು' ಎಂದಳು. ಮಾಡಿದೆ. 'ಲಕೋಟೆ ಒಂದು, ಕಾರಣ ಕುತೂಹಲ' ಎಂದು ಅವಳೇ ಪಕ್ಕದಲ್ಲಿ ಬರೆದಳು. ಆಮೇಲೆ ಇಬ್ಬರೂ ಕೂತು ನಕ್ಕೆವು.

ಆ ಪುಸ್ತಕದ ವಿಷಯ ನಿನಗೆ ಹೊಸದೇನಲ್ಲ. ಅಂಗಡಿ ಆರಂಭಿಸಿದ ನಿನ್ನ ತಾತನ ಕಾಲದಿಂದ ಬಂದ ಕಟ್ಟುನಿಟ್ಟು ಅದು. ಕೀಲಿ ಕಳೆದುಕೊಂಡು ಯಾರೇ ಬರಲಿ, ಬೀಗ ಮುಟ್ಟುವ ಮುಂಚೆ ಪುಸ್ತಕದಲ್ಲಿ ಒಂದು ಸಾಲು: ಯಾವ ಬೀಗ, ಯಾರದು, ತೆಗೆಸುವವರ ಸಹಿ. ಕೊನೆಯ ಅಂಕಣದಲ್ಲಿ 'ಕೆಲಸ ಒಪ್ಪಿಕೊಂಡವರು' ಎಂದು ನಮ್ಮ ಸಹಿ. ಬೀಗ ತೆಗೆಯುವ ವಿದ್ಯೆ ಕಳ್ಳನಿಗೂ ಬರುತ್ತದೆ, ನಮಗೂ ಅವನಿಗೂ ಇರುವ ವ್ಯತ್ಯಾಸ ಈ ಪುಸ್ತಕ ಮಾತ್ರ ಎಂದು ನನ್ನಪ್ಪ ಹೇಳುತ್ತಿದ್ದ. ನಾನು ಅದನ್ನೇ ನಿನ್ನ ಮಗಳಿಗೆ ಹೇಳಿದೆ, ಅವಳ ಕೈಗೆ ಮೊದಲ ಸಲ ಅಲಗು ಕೊಟ್ಟ ದಿನ.

ನಾಲ್ಕು ವರ್ಷದ ಹಿಂದಿನ ಆ ಮಧ್ಯಾಹ್ನದ ಸಂಗತಿ ನಿನಗೆ ಗೊತ್ತು. ಇಬ್ಬರು ಬಂದರು. ಬೀದಿಯ ತುದಿಯ ಹೊಲಿಗೆ ಯಂತ್ರದ ಗೋದಾಮು ತಮ್ಮ ಚಿಕ್ಕಪ್ಪನದು, ಕೀಲಿ ಕಳೆದಿದೆ, ಲಾರಿ ಕಾಯುತ್ತಿದೆ ಎಂದರು. ಹತ್ತೊಂಬತ್ತು ವರ್ಷದ ಹುಡುಗಿ ಹೋಗಿ ಷಟರ್ ತೆಗೆದುಕೊಟ್ಟಳು. ಮರಳಿ ಬಂದು ಪುಸ್ತಕದಲ್ಲಿ ತಾರೀಕು ಹಾಕಿ, 'ಗೋದಾಮಿನ ಷಟರ್' ಎಂದು ಬರೆದು, ಅವರು ಸಹಿಗೆ ಬರುತ್ತಾರೆಂದು ಕಾಯುತ್ತಾ ಕೂತಳು. ಬಂದವರು ಪೊಲೀಸರು. ಹಗಲು ಹೊತ್ತಿನಲ್ಲೇ ಒಂದು ಲಾರಿ ಯಂತ್ರಗಳು ಹೋಗಿದ್ದವು. ಸಿಕ್ಕಿಬಿದ್ದವನೊಬ್ಬ ತನ್ನ ಭಾರ ಹಗುರ ಮಾಡಿಕೊಳ್ಳಲು 'ಹುಡುಗಿಗೂ ಗೊತ್ತಿತ್ತು' ಎಂದುಬಿಟ್ಟ. ಪುಸ್ತಕದಲ್ಲಿ ಸಹಿಯಿಲ್ಲ, ಯಾರು ನಂಬಬೇಕು? ನನಗೆ ಆವತ್ತು ಸೊಂಟ ಹಿಡಿದಿತ್ತು, ಒಳಗೆ ಮಲಗಿದ್ದೆ. ಕೋರ್ಟಿನಲ್ಲಿ ಅವಳು ಹೇಳಿದ್ದು ಇಷ್ಟೇ: 'ಬೀಗ ತೆಗೆದದ್ದು ನಾನು. ಸಹಿ ಇಲ್ಲದೆ ತೆಗೆದದ್ದು ತಪ್ಪು.' ಹನ್ನೊಂದು ತಿಂಗಳು. ನೀನು ಆ ವಾರವೇ ಆಸ್ಪತ್ರೆಯ ಕೆಲಸಕ್ಕೆ ಹೊರಟುಹೋದೆ. 'ಐವತ್ತು ವರ್ಷ ಅಪ್ಪ ಕಟ್ಟಿದ ಹೆಸರನ್ನ ಒಂದ್ ಮಧ್ಯಾಹ್ನದಲ್ಲಿ ಮಣ್ಣು ಮಾಡಿದಳು' ಎಂದು ಬಾಗಿಲಲ್ಲಿ ನಿಂತು ಹೇಳಿದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುತ್ತದೆಯೇ ಎನ್ನುತ್ತಾರೆ. ನಾನು ಆವತ್ತು ನಿನ್ನನ್ನು ತಡೆಯಬೇಕಿತ್ತು.

ಜೈಲಿನಲ್ಲಿ ಅವಳು ಹೇಗಿದ್ದಳೆಂದು ನೀನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ನನಗೆ ಗೊತ್ತಾದದ್ದು ಹೋದ ತಿಂಗಳು, ಒಬ್ಬ ಗಿರಾಕಿಯಿಂದ. ಗಟ್ಟಿಮುಟ್ಟಾದ ಹೆಂಗಸು, ಮನೆಯ ಕಪಾಟಿಗೆ ಎರಡನೆಯ ಕೀಲಿ ಮಾಡಿಸಲು ಬಂದವರು, ಪುಸ್ತಕ ಮುಂದಿಟ್ಟ ಕೂಡಲೇ ಜೋರಾಗಿ ನಗಲು ಶುರುಮಾಡಿದರು. ಜೈಲಿನ ಮಹಿಳಾ ವಿಭಾಗದ ಕಾವಲುಗಾರ್ತಿಯಂತೆ. 'ನಿಮ್ ಹುಡುಗೀನಾ? ನಮ್ ಮೇಡಂ ಕೈಲೇ ಸಹಿ ಹಾಕಿಸಿದಳಲ್ಲ ಮಹರಾಯ್ತಿ' ಎಂದರು. ಅಲ್ಲಿಯ ಹೊಲಿಗೆ ಕೋಣೆಯ ಕಬ್ಬಿಣದ ಬೀರು ಒಂದು ದಿನ ಹಿಡಿದುಕೊಂಡಿತಂತೆ. ಕತ್ತರಿ, ಬಟ್ಟೆ ಎಲ್ಲ ಒಳಗೆ. ಚಿಲಕಳನ್ನು ಕರೆದು ತೆಗೆ ಎಂದರು. ಇವಳು ಕೈ ಕಟ್ಟಿಕೊಂಡು, 'ಒಂದು ಪುಸ್ತಕ ತನ್ನಿ, ಯಾರು ತೆಗೆಸ್ತಿದಾರೆ ಅಂತ ಸಹಿ ಮಾಡಿ, ತೆಗೀತೀನಿ' ಎಂದಳಂತೆ. ಕೈದಿಯೊಬ್ಬಳು ಜೈಲರನ್ನು ಸಹಿ ಕೇಳುವುದೆಂದರೆ! ಆ ಮೇಡಂ ಒಂದು ನಿಮಿಷ ದಿಟ್ಟಿಸಿ ನೋಡಿ, ಹಾಜರಿ ಪುಸ್ತಕದ ಹಿಂಬದಿಯಲ್ಲಿ ಸಹಿ ಹಾಕಿದರಂತೆ. ಇವಳು ಎರಡು ತಲೆಪಿನ್ನಿನಲ್ಲಿ ಬೀರು ತೆಗೆದಳು. ಅಂದಿನಿಂದ ಅಲ್ಲಿ ಯಾವ ಬೀಗ ತೆಗೆಸಿದರೂ ಸಹಿ ಹಾಕುವುದು ರೂಢಿಯಾಗಿದೆಯಂತೆ. ಮಗಳೇ, ಹೇಳಲು ನಾಚಿಕೆಯಿಲ್ಲ, ಆ ಹೆಂಗಸು ಹೋದ ಮೇಲೆ ನಾನು ಅರ ಹಿಡಿದುಕೊಂಡೇ ಅತ್ತೆ. ಅಷ್ಟು ದೊಡ್ಡ ತಪ್ಪಿಗೆ ಸಿಕ್ಕಿಕೊಂಡವಳು ಅದರಿಂದ ಕಲಿತದ್ದನ್ನು ಅದೇ ಜಾಗದಲ್ಲಿ, ಯಾರಿಗೂ ಹೆದರದೆ ಪಾಲಿಸಿದಳು. ನಾವಿಬ್ಬರೂ ಸೇರಿದರೂ ಅಷ್ಟು ಗಟ್ಟಿ ಇಲ್ಲ.

ಮೊನ್ನೆ ಮಂಗಳವಾರ ಬರಬೇಕೆಂದು ಕಾಲೇಜಿನಿಂದ ಕರೆ ಬಂದಿತ್ತು. ಹದಿನೇಳಕ್ಕೆ 'ಹೌದು' ಎಂದವರನ್ನು ಒಂದು ಸಮಿತಿ ಪ್ರತ್ಯೇಕವಾಗಿ ಕರೆದು ಮಾತನಾಡಿಸುತ್ತದೆ, ಆಮೇಲೆ ಸೀಟು ಕೊಡುವುದೋ ಬಿಡುವುದೋ ಅವರ ಇಷ್ಟ. ಅಂಕ ಎಷ್ಟಿದ್ದರೇನು, ಬಾಗಿಲು ಅಲ್ಲಿದೆ. ಅವಳು ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡಳು, ಉಗುರಿನ ಸಂದಿಯ ಎಣ್ಣೆ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ನನ್ನನ್ನು ಮೊಗಸಾಲೆಯ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದಳು. ಆ ಕೋಣೆಯ ಬಾಗಿಲು ಮುಚ್ಚಿ ನಿಲ್ಲುತ್ತಿರಲಿಲ್ಲ. ಬೀಗದ ನಾಲಿಗೆ ಚೌಕಟ್ಟಿನ ತೂತಿಗಿಂತ ಒಂದು ನೂಲು ಕೆಳಗೆ ಇಳಿದಿತ್ತು, ಗಾಳಿ ಬಂದಾಗೆಲ್ಲ ಒಂದು ಗೇಣು ತೆರೆದುಕೊಳ್ಳುತ್ತಿತ್ತು. ಇಂಜಿನಿಯರಿಂಗ್ ಕಲಿಸುವ ಕಾಲೇಜು ಬೇರೆ! ಹಾಗಾಗಿ ಒಳಗಿನ ಮಾತೆಲ್ಲ ನನಗೆ ಕೇಳಿಸಿತು.

ಒಬ್ಬ ಅಧ್ಯಾಪಕಿ, ಒಬ್ಬ ವಯಸ್ಸಾದ ಪ್ರೊಫೆಸರು. ಅಧ್ಯಾಪಕಿ ಮೊದಲು ಕೇಳಿದರು, 'ನಾಳೆ ನಮ್ಮ ವರ್ಕ್‌ಶಾಪಿನ ಕೀಲಿ ನಿಮ್ಮ ಕೈಗೆ ಕೊಟ್ರೆ ಏನ್ ಮಾಡ್ತೀರಿ?' ಕುಟುಕುವ ಪ್ರಶ್ನೆ. ಇವಳು ಒಂದು ಕ್ಷಣವೂ ತಡೆಯದೆ, 'ಮೊದಲು ಯಾರ್ ಕೊಟ್ರು ಅಂತ ಬರೆಸ್ಕೋತೀನಿ ಮೇಡಂ' ಎಂದಳು. ಒಳಗೆ ಕುರ್ಚಿಯೊಂದು ಕಿರುಗುಟ್ಟಿತು, ಯಾರೋ ನಕ್ಕರು. ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಗಳ ಯೋಚನೆ ಬಂತು. ಅಷ್ಟರಲ್ಲಿ ಆ ಪ್ರೊಫೆಸರು ಅವಳ ಹಾಳೆಯನ್ನು ತಿರುವುತ್ತಾ ಕೇಳಿದರು, 'ಆವತ್ತು ಅಂಗಡೀಲಿ ಬೇರೆ ಯಾರಿದ್ರಮ್ಮ?' ಇವಳು, 'ಬೀಗ ತೆಗೆದದ್ದು ನಾನೇ ಸರ್.' ಅವರು ಕನ್ನಡಕ ತೆಗೆದಿರಬೇಕು, ದನಿ ಮೆತ್ತಗಾಯಿತು. 'ನಾನ್ ಕೇಳಿದ್ದು ಅದಲ್ಲಮ್ಮ.' ಇವಳು ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹೊರಗೆ ಬೆಂಚಿನ ಮೇಲೆ ನಾನು ಹಾಗೆ ಕೂತಿದ್ದೆ. ಕೊನೆಗೆ ಅಧ್ಯಾಪಕಿ, ಆ ದಿನದ ಸಂಗತಿಯನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ಅವರಿಂದ ಒಂದು ಹೇಳಿಕೆ ಬರೆಸಿ ಸೋಮವಾರದೊಳಗೆ ತಂದುಕೊಡಿ, ಇಲ್ಲದಿದ್ದರೆ ಇರುವ ಕಾಗದಗಳ ಮೇಲೆಯೇ ತೀರ್ಮಾನಿಸುತ್ತೇವೆ, ಅದು ನಿಮಗೆ ಕಷ್ಟವಾಗಬಹುದು ಎಂದರು. ಅವಳು ಹೇಳಿದ್ದು, 'ತರೋಕಾಗಲ್ಲ ಮೇಡಂ.' ಯಾರೂ ಇಲ್ಲ ಎನ್ನಲಿಲ್ಲ, ನೋಡಿದೆಯಾ? ಅವಳ ಬಾಯಲ್ಲಿ ಒಂದು ಸುಳ್ಳೂ ಬರುವುದಿಲ್ಲ, ಒಂದು ಹೆಸರೂ ಬರುವುದಿಲ್ಲ.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. 'ಆ ಬಾಗಿಲು ನೋಡಿದ್ಯಾ ಅಜ್ಜಾ? ಎರಡು ಸ್ಕ್ರೂ ಸಡಿಲ ಮಾಡಿ ಚೌಕಟ್ಟಿನ ಪಟ್ಟಿ ಇಳಿಸಿದ್ರೆ ಸಾಕಿತ್ತು' ಎಂದಳು. ಅಂದರೆ ನನಗೆ ಎಲ್ಲ ಕೇಳಿಸಿತೆಂದು ಅವಳಿಗೂ ಗೊತ್ತು. ನಾನು ಕಿವಿ ಮಂದವಾದವನ ಹಾಗೆ ತಲೆ ಆಡಿಸಿದೆ. ನಿನ್ನೆ ಇಡೀ ದಿನ ಅವಳು ಒಂದು ಹಳೆಯ ಪೆಟ್ಟಿಗೆಯ ಬೀಗ ಬಿಚ್ಚಿಕೊಂಡು ಕೂತಿದ್ದಳು. ಸೋಮವಾರದ ಮಾತು ಎತ್ತಲಿಲ್ಲ. 'ಸೀಟು ಸಿಗದಿದ್ರೆ ಅಂಗಡಿ ಇದೆಯಲ್ಲ' ಎಂದು ನನಗೇ ಸಮಾಧಾನ ಹೇಳಿದಳು, ಆದರೆ ಹೇಳುವಾಗ ಅರ ಜಾರಿ ಬೆರಳಿಗೆ ತಾಗಿತು.

ಇವತ್ತು ಇಲ್ಲಿಯ ಒಂದು ಆಸ್ಪತ್ರೆಯ ಔಷಧಿ ಕೋಣೆಗೆ ಹೊಸ ಬೀಗ ಕೂರಿಸಲು ಅವಳೊಬ್ಬಳೇ ಹೋಗಿದ್ದಾಳೆ, ಹೊರಡುವ ಮುಂಚೆ ಪುಸ್ತಕದಲ್ಲಿ ಸಹಿ ಪಡೆದೇ. ನೀನು ಇದ್ದಿದ್ದರೆ ಅವಳ ನಡಿಗೆ ನೋಡಬೇಕಿತ್ತು, ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡು ಹೋಗುವಾಗ ನಿನ್ನ ಅಮ್ಮನೇ ಹೊರಟ ಹಾಗೆ ಕಾಣುತ್ತಾಳೆ. ನಾನು ಈ ಪತ್ರವನ್ನು ಬೆಳಿಗ್ಗೆಯಿಂದ ಮೂರು ಸಲ ಶುರುಮಾಡಿ ಹರಿದೆ. ಈಗ ಬರೆದದ್ದನ್ನು ಓದಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಇದೆ. ಇರಲಿ. ಕೈಗೆ ಮುಲಾಮು ಹಚ್ಚಿಕೋ, ನಿನ್ನ ಜೊತೆ ಕೆಲಸ ಮಾಡುವ ಹೆಂಗಸರಿಗೆಲ್ಲ ನನ್ನ ನಮಸ್ಕಾರ ಹೇಳು. ನಿನ್ನ ಮೈ ಮನಸ್ಸು ಎರಡೂ ತಣ್ಣಗಿರಲಿ.

ಇತಿ, ನಿನ್ನ ಮೇಲೆ ಎಂದೂ ಸಿಟ್ಟು ಮಾಡಿಕೊಳ್ಳಲಾಗದ,
ಅಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಬೇಗ ಬೇಗ ಬರೆಯುತ್ತಿದ್ದೇನೆ, ಐದು ಗಂಟೆಗೆ ಅವಳು ಬಂದುಬಿಡುತ್ತಾಳೆ. ಆ ಮಧ್ಯಾಹ್ನ ನಾನು ಮಲಗಿದ್ದದ್ದು ನಿಜ, ನಿದ್ದೆ ಹೋಗಿದ್ದೆ ಎಂದು ನಿನಗೂ ಪೊಲೀಸರಿಗೂ ಹೇಳಿದ್ದು ಸುಳ್ಳು. ಆ ಇಬ್ಬರೊಡನೆ ಒಳಗಿನಿಂದಲೇ ಮಾತಾಡಿ ಕೆಲಸ ಒಪ್ಪಿಕೊಂಡವನು ನಾನು. ಅವಳು ಪುಸ್ತಕ ಹಿಡಿದು 'ಅಜ್ಜಾ, ಸಹಿ ಆಗಿಲ್ಲ' ಎನ್ನುತ್ತಾ ಒಳಗೆ ಬಂದಳು. ನಾನು ಮಗ್ಗಲು ಬದಲಿಸಿ, 'ಲಾರಿ ಕಾಯ್ತಿದೆಯಂತಲ್ಲ, ಮೊದ್ಲು ಹೋಗಿ ತೆಗೆದು ಬಾ, ಸಹಿ ಆಮೇಲೆ' ಎಂದೆ. ಕೋರ್ಟಿನಲ್ಲಿ ಅವಳು ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ, ತಿರುಗಿದ್ದರೆ ನಾನು ಎದ್ದು ನಿಲ್ಲಬೇಕಾಗುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ನಾನು ಕೂತೇ ಇದ್ದೆ. ಪೊಲೀಸರು ಪುಸ್ತಕ ಮರಳಿಸಿದ ಮೇಲೆ ನೋಡಿದೆ, 'ಕೆಲಸ ಒಪ್ಪಿಕೊಂಡವರು' ಎಂಬಲ್ಲಿ ಅವಳು ತನ್ನ ಸಹಿಯನ್ನೂ ಹಾಕಿರಲಿಲ್ಲ, ನನ್ನ ಹೆಸರನ್ನೂ ಬರೆದಿರಲಿಲ್ಲ. ನಾಲ್ಕು ವರ್ಷ ಅದು ಹಾಗೇ ಖಾಲಿ ಇತ್ತು. ಇವತ್ತು ಅವಳು ಅತ್ತ ಹೋದ ಕೂಡಲೇ ನಾನು ಇತ್ತ ಕಾಲೇಜಿಗೆ ಹೋಗಿ ಇದನ್ನೆಲ್ಲ ಬರೆದ ಹೇಳಿಕೆ ಕೊಟ್ಟು ಮುದ್ರೆ ಹಾಕಿಸಿಕೊಂಡು ಬಂದಿದ್ದೇನೆ, ಅಂಗಡಿಯ ಪರವಾನಗಿ ಹೋದರೆ ಹೋಗಲಿ. ಬಂದು ಆ ಸಾಲಿಗೆ ಸಹಿ ಮಾಡಿದೆ, ಇವತ್ತಿನ ತಾರೀಕು ಹಾಕಿಯೇ. ಪುಸ್ತಕವನ್ನು ಅದೇ ಪುಟಕ್ಕೆ ತೆರೆದು ಕೌಂಟರಿನ ಮೇಲೆ ಇಟ್ಟಿದ್ದೇನೆ, ಬಾಯಿಬಿಟ್ಟು ಹೇಳುವ ಧೈರ್ಯ ಇನ್ನೂ ಬಂದಿಲ್ಲ. ನನ್ನ ಪಾಲಿನ ಸಿಟ್ಟನ್ನು ನೀನು ಇಷ್ಟು ವರ್ಷ ಅವಳಿಗೆ ಕೊಟ್ಟೆ, ಅವಳು ತೆಗೆದುಕೊಂಡಳು. ಮುಂದಿನ ಪತ್ರವನ್ನು ಅವಳ ಹೆಸರಿಗೆ ಬರೆ. ಕಟ್ಟಕಡೆಗೆ ಜಾಗ ಉಳಿದರೆ, ಅಜ್ಜ ಹೇಗಿದ್ದಾನೆಂದು ಒಂದು ಸಾಲು ಕೇಳು, ಸಾಕು.